ಸೇತುವೆಯ ಬೆಳಗಿನ ಪರೀಕ್ಷೆ

ಕಬ್ಬಿಣದ ಗಟ್ಟಿತನ ದಿನಕ್ಕೊಂದು ಬಗೆಯಾಗತೊಡಗಿ ಹನ್ನೊಂದು ವರ್ಷವಾಗಿತ್ತು. ಹಾಗಾಗಿ ಸುವರ್ಣಾ ಬಡಿಗೇರ ದಿನಾ ಬೆಳಿಗ್ಗೆ ಹಳ್ಳದ ದಂಡೆಯ ಪ್ರಯೋಗಾಲಯದಲ್ಲಿ ಒಂದು ಕಬ್ಬಿಣದ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆದು ನೋಡುತ್ತಿದ್ದಳು. ಸರಳು ಗಟ್ಟಿಯಿದ್ದರೆ ಮಾತ್ರ ಕಬ್ಬಿಣದ ಸೇತುವೆಯ ಮೇಲೆ ಬಸ್ಸು ಬಿಡುತ್ತಿದ್ದರು.

ಅಂದು ಮೊದಲ ಸರಳು ಜಗ್ಗಲೇ ಇಲ್ಲ. ಖಾತ್ರಿಗೆಂದು ಹಾಕಿದ ಎರಡನೆಯದು ಬೆಲ್ಲದ ಪಾಕದಂತೆ ಎಳೆಯಾಯಿತು. ಎರಡೂ ಒಂದೇ ಕಂಬಿಯಿಂದ ಕತ್ತರಿಸಿದವು; ಒಂದೇ ದಿನ ಕಬ್ಬಿಣ ಎರಡು ಬಗೆಯಾದದ್ದು ಇದೇ ಮೊದಲು. ಮೂರನೆಯದನ್ನು ಸಿಕ್ಕಿಸುವಷ್ಟರಲ್ಲಿ ಡ್ರೈವರ್ ಮಾಬೂಸಾಬ ಓಡಿಬಂದ.

"ಅಕ್ಕಾರ, ಬಸ್ಸಿನ್ಯಾಗ ಬಸುರಿ ಹೆಣ್ಮಗಳಿಗೆ ಬ್ಯಾನಿ ಸುರು ಆಗೈತಿ. ದವಾಖಾನಿ ಆ ದಂಡಿಗೈತಿ. ಬಸ್ಸು ಬಿಡ್ಲೋ ಬ್ಯಾಡೋ?"

ಸುವರ್ಣಾ ಎರಡು ಸರಳುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

"ಬಸ್ಸು ಬ್ಯಾಡ. ನಾನ ನಡಸ್ಕೊಂಡು ಹೋಗ್ತೀನಿ" ಎಂದು ಹೋಗಿ ಬಸುರಿಯ ಕೈಹಿಡಿದಳು.

ಸೇತುವೆ ಒಂದು ಹೆಜ್ಜೆಗೆ ಕಲ್ಲಿನಂತಿತ್ತು, ಮುಂದಿನ ಹೆಜ್ಜೆಗೆ ಹಾಸಿಗೆಯಂತೆ ತಗ್ಗುತ್ತಿತ್ತು. ನಟ್ಟನಡುವೆ ಆ ಹೆಣ್ಣುಮಗಳು ನಿಂತುಬಿಟ್ಟಳು.

"ಇದು ತಡೀತೈತೇನ್ರಿ ಅಕ್ಕಾರ?"

"ನನಗೂ ತಿಳೀವಲ್ದವ್ವಾ. ನಾ ಇಟ್ಟಲ್ಲೇ ಕಾಲಿಡು" ಎಂದಳು ಸುವರ್ಣಾ.

ದವಾಖಾನೆಯ ಬಾಗಿಲು ಮುಟ್ಟಿದ ಮೇಲೂ ಇಬ್ಬರಲ್ಲಿ ಯಾರೂ ಕೈ ಬಿಡಲಿಲ್ಲ.