ಹಬ್ಬದ ದಿನದ ತಕ್ಕಡಿ

2025ರ ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಹೊಳೆನರಸೀಪುರದ ತನ್ನ ದಿನಸಿ ಅಂಗಡಿಯಲ್ಲಿ ಕಾಂತರಾಜು ಎಲೆಕ್ಟ್ರಾನಿಕ್ ತಕ್ಕಡಿಗೆ ಕುಂಕುಮ ಹಚ್ಚಿ ಸ್ವಿಚ್ ಹಾಕಿದ. ಕೆಂಪು ಅಂಕಿಗಳು ಮಿನುಗಿ 0.000ಕ್ಕೆ ನಿಂತವು. ಆಯುಧಪೂಜೆಯ ದಿನ ತಕ್ಕಡಿ ಖಾಲಿಯಿದ್ದು ಸೊನ್ನೆ ತೋರಿಸುತ್ತಿರಬೇಕು, ಅದರ ಮೇಲೆ ಒಂದು ಕಾಳೂ ಬೀಳಬಾರದು. ಅದು ಅವನಪ್ಪ ಹಾಕಿಕೊಟ್ಟ ನೇಮ. ಅರ್ಧ ಕೆ.ಜಿ. ಬೆಲ್ಲ ಕೇಳಿಕೊಂಡು ಬಂದ ನಟರಾಜುವನ್ನು ಆಗತಾನೆ ವಾಪಸು ಕಳಿಸಿದ್ದ. "ನಾಳೆ ಬಾರಪ್ಪ. ಇವತ್ತು ತೂಗಂಗಿಲ್ಲ."

ತಕ್ಕಡಿಯ ಪಕ್ಕದ ಮಣೆಯ ಮೇಲೆ ಅವನ ತಾಯಿ ಜಯಲಕ್ಷ್ಮಮ್ಮ ಮೊಮ್ಮಗನ ಸ್ಕೂಲ್ ಪುಸ್ತಕಗಳನ್ನು ಜೋಡಿಸಿ, ಮೊಮ್ಮಗಳನ್ನು ಕರೆದಳು. "ನಿಸರ್ಗ, ನಿನ್ ಪುಸ್ತಕನೂ ತತ್ತಾ ಮಗ."

ಹಾಸನದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದ ನಿಸರ್ಗ ಮೊಬೈಲ್ ತೋರಿಸಿದಳು. "ಎಲ್ಲಾ ಇದ್ರೊಳಗೇ ಅವೆ ಅಜ್ಜಿ."

"ಪುಸ್ತಕ ಇಲ್ಲ ಅನ್ನು," ಎಂದ ಕಾಂತರಾಜು.

"ಅವೆ ಅಪ್ಪ. ಫಿಸಿಕ್ಸು, ಮೆಕ್ಯಾನಿಕ್ಸು. ಬರೆದ ಮೇಷ್ಟ್ರುಗಳೇ ಯಾರಾದ್ರೂ ಓದ್ಕಳ್ಲಿ ಅಂತ ನೆಟ್ಟಲ್ಲಿ ಪುಕ್ಕಟೆ ಹಾಕವ್ರೆ. ಹುಡುಕಿ ಇಳಿಸ್ಕೊಂಡೆ."

"ಪುಕ್ಕಟೆ ಕೊಡೋ ಮಾಲು ತೂಕದಲ್ಲಿ ಯಾವತ್ತೂ ಕಮ್ಮಿನೇ ಕಣವ್ವ. ಬಸ್ಸಲ್ಲಿ ನೋಡಿದೋರೆಲ್ಲ ಹೇಳ್ತಾವ್ರೆ, ಹಾಸನ ಬರೋಗಂಟ ನೀನು ಮೊಬೈಲಿಂದ ಕಣ್ಣೇ ಎತ್ತಲ್ವಂತೆ. ಹಬ್ಬ ಕಳೀಲಿ, ಇಲ್ಲೇ ಗಲ್ಲಾಪೆಟ್ಟಿಗೆ ಮುಂದೆ ಕೂತ್ಕೊ. ಕಾಲೇಜು ಸಾಕು."

"ನಿಂಗೆ ರಾಶಿ ಪುಸ್ತಕ ತಂದ್ಕೊಟ್ಟಿದ್ರು ಕಣ್ಲಾ ನಿಮ್ಮಪ್ಪ," ಎಂದಳು ಜಯಲಕ್ಷ್ಮಮ್ಮ. "ಎಸ್ಸೆಲ್ಸಿ ದಾಟಿದ್ಯಾ? ನಿಸರ್ಗ, ನೀ ಇಡು ಮಗ, ಅದೇ ನಿನ್ ಪುಸ್ತಕ."

ನಿಸರ್ಗ ಇಡಲಿಲ್ಲ. ಮೊಬೈಲನ್ನು ಎದೆಗೊತ್ತಿಕೊಂಡು ನಿಂತಳು.

"ನೋಡಿದ್ಯಾ ಅವ್ವ, ಒಂದ್ ದಿನ ಬಿಟ್ಟಿರಾಕಾಗಲ್ಲ."

"ಪೂಜೆಗಿಟ್ರೆ ನಾಳೆಗಂಟ ತೆರೆಯಂಗಿಲ್ವಲ್ಲಪ್ಪ." ಅವಳ ದನಿ ಇಳಿದಿತ್ತು. "ಶುಕ್ರವಾರ ಟೆಸ್ಟು. ಓದಾಕೆ ನಂಗೆ ಬ್ಯಾರೆ ಪುಸ್ತಕ ಇಲ್ಲ."

ಕಾಂತರಾಜು ಬೀದಿಯತ್ತ ನೋಡಿದ. ಎದುರಿನ ಅಂಗಡಿಯಲ್ಲಿ ನಟರಾಜು ಬೆಲ್ಲ ತೂಗಿಸುತ್ತಿದ್ದ.

"ತೆಗಿ, ನೋಡಾನ."

ಅವಳು ಮೊದಲ ಪಾಠ ತೆರೆದು ಕೊಟ್ಟಳು. ಅವನಿಗೆ ಓದಲು ಬಾರದ ಇಂಗ್ಲಿಷ್ ಸಾಲುಗಳ ನಡುವೆ, ಅವನಪ್ಪ ಹಿಡಿಯುತ್ತಿದ್ದಂಥ ಎರಡು ತಟ್ಟೆಯ ತಕ್ಕಡಿಯ ಚಿತ್ರವಿತ್ತು.

"ಮೊದಲ್ನೇ ಪಾಠನೇ ತೂಕನಾ?"

"ಅಳತೆ ಅಪ್ಪ. ಅದು ಸರಿ ಇದ್ರೇನೇ ಮಿಕ್ಕಿದ್ದೆಲ್ಲ."

ಕಾಂತರಾಜು ಬೆರಳಿನಿಂದ ಪುಟ ಸರಿಸಿದ. ಮತ್ತೆ ಸರಿಸಿದ. ಸರಿಸುತ್ತಲೇ ಹೋದ. ಪುಟಗಳು ಮುಗಿಯಲಿಲ್ಲ.

"ಶುಕ್ರವಾರ ಯಾವ್ ಬಸ್ಸಿಗೆ ಓಗ್ತೀಯ?"

"ಏಳೂವರೆದಕ್ಕೆ," ಎಂದಳು ನಿಸರ್ಗ. ಅಪ್ಪನ ಮುಖ ನೋಡಿ, "ಪೂಜೆಗಿಡು ಅಪ್ಪ. ನಾಳೆ ಓದ್ಕತೀನಿ," ಎಂದಳು.

ಅವನು ಮೊಬೈಲನ್ನು ಪಂಚೆಯ ಅಂಚಿನಿಂದ ಒರೆಸಿದ. ಮಣೆಯ ಮೇಲೆ ಜಾಗವಿತ್ತು. ಅಲ್ಲಿಡದೆ, ಆ ದಿನ ಖಾಲಿಯಿರಬೇಕಾಗಿದ್ದ ತಕ್ಕಡಿಯ ತಟ್ಟೆಯ ನಡುವೆ ಇಟ್ಟ. ಜಯಲಕ್ಷ್ಮಮ್ಮ ಅದರ ಮೇಲೊಂದು ಸೇವಂತಿಗೆ ಇಟ್ಟು ಕೈ ಮುಗಿದಳು. ಕೆಂಪು ಅಂಕಿಗಳು ಒಂದು ಕ್ಷಣ ಏರಿಳಿದು ನಿಂತವು. ಹೂವೂ ಸೇರಿ 0.205 ಕೆ.ಜಿ.