ಹಗ್ಗದಿಂದಾಚೆ

ಆಸ್ಟ್ರೇಲಿಯಾದ ಕೆಂಪು ಮರಳುಗಾಡಿನ ಆ ದೊಡ್ಡ ಬಂಡೆಯ ಮುಂದೆ ನಮ್ಮ ಗೈಡ್ ನಿಂತಳು. ಅವಳು ಆ ನೆಲದ ಮೂಲನಿವಾಸಿ. ಅಡ್ಡ ಕಟ್ಟಿದ್ದ ಹಗ್ಗ ತೋರಿಸಿದಳು.

"ಇಲ್ಲಿಂದಾಚೆ ಗಂಡಸರು ಬರುವ ಹಾಗಿಲ್ಲ. ಇದು ಹೆಂಗಸರ ಜಾಗ. ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದಲೂ ಹೀಗೇ."

ಉಳಿದ ಗಂಡಸರು ಬಸ್ಸಿನ ನೆರಳಿಗೆ ಹೋಗಿ ಕೂತರು. ನನ್ನ ಗಂಡನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನೊಣಗಳ ಕಾಟಕ್ಕೆ ಮುಖಕ್ಕೆ ಹಾಕಿಕೊಂಡಿದ್ದ ಬಲೆಯೊಳಗಿಂದಲೇ ಕೂಗಾಡಿದರು.

"ಇಷ್ಟು ದೂರ ಬಂದಿರೋದು ಈ ಹಗ್ಗ ನೋಡೋಕಾ? ಗಂಡಸಾಗಿ ಹುಟ್ಟಿದ್ದೇ ತಪ್ಪಾ? ನಾನು ಒಳಗೆ ಹೋದ್ರೆ ಬಂಡೆ ಕರಗಿಹೋಗುತ್ತಾ?"

"ನಮ್ಮ ಪದ್ಧತಿ, ಸಾರ್," ಎಂದಳು ಅವಳು. ದನಿ ಏರಿಸಲಿಲ್ಲ.

"ಯಾವ ಕಾಲದ ಪದ್ಧತಿ! ಮನುಷ್ಯನ್ನ ಹೀಗೆ ಹೊರಗೆ ನಿಲ್ಲಿಸೋದಾ?" ನನ್ನ ಕಡೆ ತಿರುಗಿದರು. "ನಡಿಯೇ ಬಸ್ಸಿಗೆ. ನೀನೂ ನೋಡೋದು ಬೇಡ."

ನಾನು ಬಗ್ಗಿ ಚಪ್ಪಲಿ ಬಿಚ್ಚಿದೆ.

"ಏನ್ ಮಾಡ್ತಿದೀಯ? ಗಂಡನಿಗೆ ಇಷ್ಟು ಅವಮಾನ ಆಗಿದೆ, ನಿಂಗೆ ಸ್ವಲ್ಪನೂ ಸಿಟ್ಟು ಬರಲ್ವಾ?"

"ಬರುತ್ತೆ. ಮದುವೆ ಆದಾಗಿಂದ ಬರ್ತಾನೇ ಇದೆ."

ಚಪ್ಪಲಿಯನ್ನು ಅವರ ಕಾಲ ಬಳಿ ಇಟ್ಟು ಹಗ್ಗ ದಾಟಿದೆ.

"ಹೆಂಗಸರು ಒಳಗೆ ಕಾಲಿಡಬಾರದು ಅಂತ ನಿಮ್ಮ ಮನೆದೇವರ ಗುಡಿ ಹೊರಗೆ ಪ್ರತಿ ವರ್ಷ ನನ್ನನ್ನ ಚಪ್ಪಲಿ ಕಾಯೋಕೆ ನಿಲ್ಲಿಸ್ತೀರಲ್ಲ, ಹಾಗೇ ನಿಂತ್ಕೊಂಡು ಇದನ್ನ ನೋಡ್ಕೊಳ್ಳಿ."