ವೈರಿಲ್ಲದ ನಾಬ್

ಬೆಳಗಿನಿಂದ ಹಾಡನ್ನು ಹನ್ನೊಂದು ಸಲ ಕೇಳಿಸಿಯಾಗಿತ್ತು. ಸಂಗೀತ ನಿರ್ದೇಶಕಿ ಮಾತ್ರ ಒಪ್ಪುವ ಹಾಗೆ ಕಾಣಲಿಲ್ಲ. ಸೌಂಡ್ ಎಂಜಿನಿಯರ್ ಗಿರಿಧರನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಕೀಬೋರ್ಡಿನ ಬೇಸ್ ಎದ್ದು ಕೇಳಿಸ್ತಿಲ್ಲ,” ಎಂದಳು ಆಕೆ. “ಡ್ರಮ್ಮು ಅದನ್ನ ನುಂಗ್ತಿದೆ. ಡ್ರಮ್ಮಿನ ತಳದ ಸದ್ದು ಸ್ವಲ್ಪ ತಗ್ಗಿಸಿ, ಬೇಸ್‌ಗೆ ಜಾಗ ಸಿಗುತ್ತೆ.”

“ಮೇಡಂ, ನೀವು ಟ್ಯೂನ್ ಹಾಕಿ, ಸಾಕು. ನನಗೆ ಮಿಕ್ಸಿಂಗ್ ಹೇಳ್ಕೊಡೋಕೆ ಬರಬೇಡಿ.”

“ಕಿವಿ ನೆಟ್ಟಗಿದ್ದಿದ್ರೆ ಹೇಳ್ಕೊಡೋದು ಬೇಕಿರ್ಲಿಲ್ಲ.”

ಗಿರಿಧರ ಹಲ್ಲು ಕಚ್ಚಿಕೊಂಡ. ಇಂಥ ತಲೆನೋವಿನ ಗಿರಾಕಿಗಳಿಗೆಂದೇ ಆ ಸ್ಟುಡಿಯೋದಲ್ಲಿ ಒಂದು ಮದ್ದಿತ್ತು. ಮೇಜಿನ ತುದಿಯಲ್ಲಿ ‘ಬೇಸ್’ ಎಂದು ಚೀಟಿ ಅಂಟಿಸಿದ ದೊಡ್ಡ ನಾಬ್‌ಗೆ ಹಿಂದುಗಡೆ ವೈರೇ ಇರಲಿಲ್ಲ. ಅದನ್ನು ತಿರುಗಿಸಿದರೆ ಸದ್ದಿನಲ್ಲಿ ಏನೂ ಬದಲಾಗುತ್ತಿರಲಿಲ್ಲ. ಗಿರಾಕಿಗಳು ಮಾತ್ರ ‘ಹಾಂ, ಈಗ ಸರಿ’ ಎಂದು ತಲೆದೂಗಿ ಎದ್ದುಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಅವನಿಗೆ ಈ ಗುಟ್ಟು ತೋರಿಸಿಕೊಟ್ಟಿದ್ದರು.

ಅವನು ಹಾಡು ಹಾಕಿ, ಮುಖ ಗಂಟಿಕ್ಕಿಕೊಂಡೇ ನಾಬ್ ತಿರುಗಿಸಿದ. “ಈಗ?”

ಆಕೆ ಕಣ್ಣು ಮುಚ್ಚಿ ಆಲಿಸಿದಳು. “ಇನ್ನೂ ಸ್ವಲ್ಪ.”

ಅವನು ನಗು ತಡೆದುಕೊಂಡು ಇನ್ನಷ್ಟು ತಿರುಗಿಸಿದ.

“ಇನ್ನೂ.”

ನಾಬ್ ಕೊನೆ ಮುಟ್ಟಿತು. “ಈಗ ಸರಿಹೋಯ್ತಲ್ಲ, ಮೇಡಂ?”

ಆಕೆ ಕಣ್ಣು ತೆರೆದಳು.

“ಹತ್ತು ವರ್ಷದ ಹಿಂದೆ ಇದೇ ಕುರ್ಚೀಲಿ ಕೂತು ಅದರ ವೈರು ಕಿತ್ತವಳು ನಾನೇ. ಈಗ ಎದ್ದೇಳಿ.”